ಚಕ್ರದ ದನಿ: ಕಾರಣವೋ, ನೆಪವೋ

ಸ್ಮರಣ ಸಂಚಿಕೆಗೆ ವಿಚಾರಪ್ರಧಾನವಾದ ಲೇಖನವೊಂದನ್ನು ಕೊಡಬೇಕೆಂದು ಸಂಘದ ಸಂಪಾದಕ ಮಿತ್ರರು ಕೇಳಿದಾಗ, ಧರ್ಮಾಧರ್ಮಗಳ ವಿವೇಚನೆಯನ್ನು ಕುರಿತೇ ಬರೆಯಬೇಕೆಂದು ನಾವು ನಿಶ್ಚಯಿಸಿದೆವು. ಆದರೆ ಲೇಖನಿ ಹಿಡಿದು ಕುಳಿತಾಗ ನೆನಪಿಗೆ ಬಂದುದು ಉಪನಿಷತ್ತೂ ಅಲ್ಲ, ಗೀತೆಯೂ ಅಲ್ಲ. ನಮ್ಮ ಹಳೆಯ ಚಿಕ್ಕ ಕಾರಿನ ಮುಂದಿನ ಬಲಚಕ್ರದಿಂದ ಹೊರಟ ಒಂದು ಸದ್ದು. ಸಾಹಿತ್ಯ ಸಮಾವೇಶದ ಸಂಚಿಕೆಯಲ್ಲಿ ಗ್ಯಾರೇಜಿನ ಮಾತೇಕೆ ಎಂದು ಓದುಗ ಬಾಂಧವರು ಹುಬ್ಬೇರಿಸಬಹುದು. ತುಸು ತಾಳ್ಮೆಯಿಂದ ಓದಿದರೆ, ಆ ಸದ್ದು ನಮಗೆ ಕಲಿಸಿದ್ದು ಯಂತ್ರದ ವಿಚಾರವನ್ನಷ್ಟೇ ಅಲ್ಲವೆಂಬುದು ತಿಳಿದೀತು.

ನಿವೃತ್ತಿಯ ನಂತರ ನಾವು ನೆಲೆಸಿರುವುದು ತೋಲ್ಪೆಟ್ಟಿಯಲ್ಲಿ. ಕುಟ್ಟದ ಕಡೆಯಿಂದ ಬರುವವರಿಗೆ ಇದು ಕೇರಳದ ಹೊಸ್ತಿಲು. ಮಾನಂದವಾಡಿಯ ಕಡೆಯಿಂದ ಬರುವವರಿಗೆ ಕನ್ನಡನಾಡಿನ ಅಂಗಳ. 1973ರಲ್ಲಿ ಸ್ಥಾಪನೆಯಾದ, ಸುಮಾರು 344 ಚದರ ಕಿಲೋಮೀಟರ್ ವಿಸ್ತಾರದ ವಯನಾಡು ವನ್ಯಜೀವಿಧಾಮದ ಎರಡು ಭಾಗಗಳಲ್ಲಿ ಒಂದು ಇಲ್ಲಿದೆ. ಅದರ ಮಗ್ಗುಲಿಗೇ ನಾಗರಹೊಳೆಯ ಕಾಡು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಕುಟ್ಟ ಮಾರ್ಗವಾಗಿ ಹಾಯುವ ವಾಹನಗಳೂ ಉಂಟು. ರಸ್ತೆಯ ಎರಡು ಬದಿಗೂ ಕಾಡು. ವಾಹನ ನಿಲ್ಲಿಸಬಾರದು, ಆನೆಗಳು ದಾಟುವ ಸ್ಥಳ ಎಂಬ ಫಲಕಗಳು ಅಲ್ಲಲ್ಲಿ ಕಾಣುತ್ತವೆ.

ಕೆಲವು ವರ್ಷಗಳ ಹಿಂದೆ, ಕರ್ಕಾಟಕ ಮಾಸದ ಮಳೆ ಇನ್ನೂ ಹಿಡಿದಿದ್ದ ದಿನಗಳಲ್ಲಿ, ಕಾರಿನಲ್ಲಿ ಹೋಗುವಾಗ ನಮ್ಮ ಮನೆಯವರು, "ರೀ, ಮುಂದುಗಡೆಯಿಂದ ಏನೋ ಗುಂಯ್ ಅಂತಿದೆಯಲ್ಲ, ನಿಮಗೆ ಕೇಳಿಸುತ್ತಿಲ್ಲವೇ?" ಎಂದರು. ನಮಗೆ ಕೇಳಿಸಿರಲಿಲ್ಲ. ಚಾಲಕನ ಆಸನ ಬಲಗಡೆಗೆ. ಸದ್ದು ಹೊರಡುತ್ತಿದ್ದುದೂ ಬಲಗಡೆಯ ಮುಂಚಕ್ರದಿಂದ. ನಮ್ಮ ಕಾಲಬುಡದ ಸದ್ದು ನಮಗೆ ಕೇಳಿಸದೆ ಪಕ್ಕದಲ್ಲಿದ್ದವರಿಗೆ ಕೇಳಿಸಿತ್ತು. ಆದರೂ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇತ್ತು: "ಮಳೆಗೆ ಬ್ರೇಕಿನ ಡಿಸ್ಕು ತುಕ್ಕು ಹಿಡಿದಿರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ." ನಾಲ್ಕು ದಿನ ಬಿಟ್ಟು ಅವರು ಮತ್ತೆ ಹೇಳಿದಾಗ, "ಟೈರು ಹಳತಾಯಿತು" ಎಂದೆವು. ವಾರ ಕಳೆದು ಮೂರನೆಯ ಸಲ ಹೇಳಿದಾಗ, "ರಸ್ತೆ ಹಾಳಾಗಿದೆ, ಯಾವ ಕಾರಾದರೂ ಹೀಗೆಯೇ" ಎಂದೆವು. ಅನಂತರ ಅವರು ಹೇಳುವುದನ್ನು ನಿಲ್ಲಿಸಿದರು. ನಾವು ಅದನ್ನು ಸದ್ದು ನಿಂತಿತೆಂದು ತಿಳಿದೆವು.

ಈ ಮೂರು ಉತ್ತರಗಳಲ್ಲಿ ಒಂದೂ ಸುಳ್ಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಳೆಯಲ್ಲಿ ನಿಂತ ಕಾರಿನ ಡಿಸ್ಕಿಗೆ ತುಕ್ಕು ಹಿಡಿಯುವುದು ನಿಜ. ಬೆಳಗ್ಗೆ ಹೊರಟಾಗ ಕೆರೆದಂತಹ ಸದ್ದು ಬಂದು, ಕೆಲವು ಸಲ ಬ್ರೇಕ್ ಒತ್ತಿದೊಡನೆ ಅದು ಮಾಯವಾಗುವುದೂ ನಿಜ. ಒಂದೇ ಸಮನಾಗಿ ಸವೆಯದ ಟೈರು ಗುಂಯ್‌ಗುಡುತ್ತದೆ. ಒರಟು ರಸ್ತೆ ಸದ್ದು ಮಾಡಿಸುತ್ತದೆ. ಹಾಗಾದರೆ ನಮ್ಮ ತಪ್ಪು ಯಾವುದು? ಸಾಮಾನ್ಯವಾಗಿ ನಿಜವಾದ ಮಾತನ್ನು, ಈ ಚಕ್ರಕ್ಕೆ ಅದು ನಿಜವೇ ಎಂದು ಪರೀಕ್ಷಿಸದೆ ಹೇಳಿದ್ದು. ಕಾರಣಕ್ಕೂ ನೆಪಕ್ಕೂ ಇರುವ ಅಂತರ ಇಷ್ಟೇ. ಎರಡೂ ಒಂದೇ ಉಡುಪನ್ನು ಉಟ್ಟುಕೊಂಡು ಬರುತ್ತವೆ, ಒಂದೇ ಭಾಷೆಯನ್ನಾಡುತ್ತವೆ. ಆದರೆ ಕಾರಣವು ನಮ್ಮನ್ನು ಎಬ್ಬಿಸಿ ಚಕ್ರದ ಬಳಿಗೆ ಕಳುಹಿಸುತ್ತದೆ. ನೆಪವು ಕುಳಿತಲ್ಲೇ ಕೂರಿಸುತ್ತದೆ.

ನಮ್ಮ ನೈಯಾಯಿಕರು ಈ ವಿಷಯದಲ್ಲಿ ಬಹಳ ಎಚ್ಚರವಾಗಿದ್ದರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಅನುಮಾನ ಪ್ರಮಾಣಕ್ಕೆ ಅವರು ಕೊಡುವ ಪ್ರಸಿದ್ಧ ನಿದರ್ಶನ. ಆದರೆ ಕಂಡದ್ದು ನಿಜವಾಗಿ ಹೊಗೆಯೋ, ಹೊಗೆಯಂತೆ ತೋರುವ ಮಂಜೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಬ್ರಹ್ಮಗಿರಿಯ ತಪ್ಪಲಿನಲ್ಲಿ ವಾಸಿಸುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಬೆಳಗಿನಲ್ಲಿ ಆ ಬೆಟ್ಟದ ಮಡಿಲಿನಿಂದ ಏಳುವ ಮಂಜು ಯಾರೋ ಒಲೆ ಹಚ್ಚಿದಂತೆಯೇ ಕಾಣುತ್ತದೆ. ಇನ್ನು ಕಾರಣವನ್ನು ಗೊತ್ತುಮಾಡುವ ಬಗೆಗೆ ಅವರು ಅನ್ವಯ-ವ್ಯತಿರೇಕವೆಂದು ಹೆಸರಿಟ್ಟರು. ಇದು ಇದ್ದಾಗ ಅದೂ ಇರಬೇಕು. ಇದು ಇಲ್ಲದಾಗ ಅದೂ ಇರಬಾರದು. ಎರಡೂ ಕೂಡಿದರೆ ಮಾತ್ರ ಸಂಬಂಧ ನಿಶ್ಚಯವಾಗುತ್ತದೆ.

ಗ್ಯಾರೇಜಿನಲ್ಲಿ ಕುಳಿತು ನೋಡಿದರೆ, ನುರಿತ ಮೆಕ್ಯಾನಿಕರು ಸಂಸ್ಕೃತದ ಗಂಧವಿಲ್ಲದೆಯೂ ಇದನ್ನೇ ಮಾಡುತ್ತಾರೆಂಬುದು ತಿಳಿಯುತ್ತದೆ. ವೇಗ ಹೆಚ್ಚಿದಂತೆ ಸದ್ದು ಹೆಚ್ಚುತ್ತದೆಯೇ? ನೇರವಾದ, ಖಾಲಿ ರಸ್ತೆಯಲ್ಲಿ ಗೇರನ್ನು ಕ್ಷಣಕಾಲ ನ್ಯೂಟ್ರಲಿಗೆ ತಂದರೂ ಅದು ಹಾಗೆಯೇ ಇದೆಯೇ? ಇದ್ದರೆ ದೋಷ ಇಂಜಿನ್ನಿನದಲ್ಲ, ಉರುಳುವ ಭಾಗದ್ದು. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ದನಿ ಬದಲಾಯಿತೇ? ಬದಲಾದರೆ ಟೈರಿನ ಮೇಲೆ ಸಂಶಯ. ಹಾಗೆಯೇ ಉಳಿದರೆ ಬೇರಿಂಗಿನ ಮೇಲೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ಟಕಟಕ ಎಂದರೆ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ಆಕ್ಸಲಿನ ಹೊರಕೀಲನ್ನು ನೋಡಬೇಕು. ಅದರ ರಬ್ಬರಿನ ಹೊದಿಕೆ ಹರಿದು ಗ್ರೀಸು ಸೋರಿರುವ ಸಂಭವವೇ ಹೆಚ್ಚು. ಗುಂಡಿಗಳಲ್ಲಿ ಮಾತ್ರ ಗಡಗಡ ಎಂದರೆ ಸಸ್ಪೆನ್ಷನ್ನಿನ ಕೀಲುಗಳನ್ನು ಅಲುಗಿಸಿ ನೋಡಬೇಕು. ಬ್ರೇಕ್ ಒತ್ತಿದಾಗ ಕೀರಲು ದನಿ ಕೇಳಿದರೆ ಪ್ಯಾಡು ಸವೆದಿರಬಹುದು. ಕೆಲವು ಪ್ಯಾಡುಗಳಲ್ಲಿ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಗುಲಿ ಕಿರುಚುತ್ತದೆ. ಅದು ದೋಷದ ಸದ್ದಲ್ಲ, ದೋಷವನ್ನು ತಿಳಿಸಲೆಂದೇ ಇರಿಸಿದ ದೂತ.

ಸದ್ದಿನ ಅಬ್ಬರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲವೆಂಬುದು ನಾವು ಅಲ್ಲಿ ಕಲಿತ ಇನ್ನೊಂದು ಪಾಠ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಜಲ್ಲಿಕಲ್ಲು ಸಿಕ್ಕಿಕೊಂಡರೆ ಕಾರೇ ಮುರಿದುಬೀಳುವಂತಹ ಕರ್ಕಶ ಧ್ವನಿ ಏಳುತ್ತದೆ. ಕಲ್ಲನ್ನು ತೆಗೆದರೆ ಮುಗಿಯಿತು. ಪಂಕ್ಚರ್ ಹಾಕಿಸಿದ ಮೇಲೆ ಚಕ್ರದ ನಟ್ಟುಗಳು ಸಡಿಲವಾಗಿ ಉಳಿದಿದ್ದರೆ ಮಾತ್ರ, ನಿಧಾನವಾಗಿ ಹೋಗುವಾಗ ಮೆತ್ತಗೆ ದಬ್ ದಬ್ ಎಂದೀತು. ಐದು ನಿಮಿಷದಲ್ಲಿ ಸ್ಪಾನರಿನಿಂದ ಸರಿಪಡಿಸಬಹುದಾದ ಆ ಮೆಲುದನಿಯನ್ನು ಅಲಕ್ಷಿಸಿದರೆ ಚಕ್ರವೇ ಕಳಚಿಕೊಳ್ಳಬಹುದು. ಎತ್ತಿನ ಗಾಡಿಯ ಕಾಲದಲ್ಲಿ ಹಿರಿಯರು ಹೊರಡುವ ಮುನ್ನ ಕೀಲೆಣ್ಣೆ ಹಾಕಿ, ಕಡೆಗೀಲನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಬೆರಳಷ್ಟು ಗಾತ್ರದ ಆ ಕೀಲಿನ ಮೇಲೆ ಇಡೀ ಗಾಡಿಯ ಭಾರ ನಿಂತಿದೆಯೆಂಬುದು ಅವರಿಗೆ ತಿಳಿದಿತ್ತು.

ಈಗ ಆ ಸಂಜೆಯ ವಿಷಯಕ್ಕೆ ಬರುತ್ತೇವೆ. ನಮ್ಮ ತಂದೆಯವರ ಶ್ರಾದ್ಧಕ್ಕಾಗಿ ತಿರುನೆಲ್ಲಿಗೆ ಹೋಗಿದ್ದೆವು. ಬ್ರಹ್ಮಗಿರಿಯ ಬುಡದಲ್ಲಿರುವ ಆ ವಿಷ್ಣು ಸನ್ನಿಧಿಗೂ, ಅದರ ಬಳಿ ಹರಿಯುವ ಪಾಪನಾಶಿನಿಗೂ ಪಿತೃಕಾರ್ಯಕ್ಕಾಗಿ ಕನ್ನಡನಾಡಿನಿಂದಲೂ ಜನ ಬರುವುದು ಬಹುಮಂದಿ ಓದುಗರಿಗೆ ಗೊತ್ತೇ ಇದೆ. ನಮ್ಮ ಮನೆಯವರು, ಮಗಳು, ಇಬ್ಬರು ಮೊಮ್ಮಕ್ಕಳು ಜೊತೆಗಿದ್ದರು. ಹಿಂದಿರುಗುವಾಗ ತಡವಾಯಿತು. ತೆಟ್ಟು ರೋಡಿನಿಂದ ತೋಲ್ಪೆಟ್ಟಿಯ ಕಡೆಗೆ ತಿರುಗಿ, ಕಾಡಿನ ನಡುವೆ ಸ್ವಲ್ಪ ದೂರ ಬರುವಷ್ಟರಲ್ಲಿ, ಗುಂಯ್‌ಗುಡುತ್ತಿದ್ದ ಚಕ್ರ ಗರಗರನೆ ಅರೆಯತೊಡಗಿತು. ಈ ಸಲ ಅದು ನಮಗೂ ಕೇಳಿಸಿತು. ಸ್ಟಿಯರಿಂಗ್ ಹಿಡಿದ ಕೈಗೂ ನಡುಕ ಬಂದು ಮುಟ್ಟಿತು.

ನಿಲ್ಲಿಸೋಣವೆಂದರೆ ನಿಲ್ಲಿಸಬಾರದ ಜಾಗ. ಮುಂದೆ ರಸ್ತೆಯ ಅಂಚಿನಲ್ಲಿ ಮರಿಯೊಡನೆ ಆನೆಗಳಿದ್ದುವು. ಎದುರು ಬರುತ್ತಿದ್ದ ಜೀಪು ಅದಾಗಲೇ ದೂರದಲ್ಲಿ ನಿಂತಿತ್ತು. ಹೋಗೋಣವೆಂದರೆ ಚಕ್ರದ ಮೇಲೆ ಭರವಸೆಯಿಲ್ಲ. ಹಿಂದಿನ ಆಸನದಲ್ಲಿ ಮೊಮ್ಮಕ್ಕಳು ಆನೆಮರಿಯನ್ನು ನೋಡಿ ಸಂತೋಷಪಡುತ್ತಿದ್ದರು. ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. "ನಾನು ಹೇಳಿರಲಿಲ್ಲವೇ" ಎಂದೂ ಅನ್ನಲಿಲ್ಲ. ಆನೆಗಳು ದಾಟುವವರೆಗೆ ಕಾದು, ಗಂಟೆಗೆ 20 ಕಿಲೋಮೀಟರ್ ವೇಗವನ್ನು ಮೀರದಂತೆ ತೆವಳುತ್ತಾ ಮನೆ ಸೇರಿದೆವು. ಏನೂ ಆಗಲಿಲ್ಲ.

ನಿಲ್ಲಬೇಕೇ, ಹೋಗಬೇಕೇ ಎಂಬ ಇಕ್ಕಟ್ಟನ್ನು ಧರ್ಮಸಂಕಟವೆನ್ನುವುದು ವಾಡಿಕೆ. ಪುಸ್ತಕಗಳಲ್ಲಿ ಇಂತಹ ಸಂಕಟಗಳು ಆಕಾಶದಿಂದ ಉದುರಿದಂತೆ ಬರುತ್ತವೆ. ನಾಯಕನು ಎರಡು ದಾರಿಗಳ ನಡುವೆ ನಿಂತು ಮರುಗುತ್ತಾನೆ. ಆ ರಾತ್ರಿ ನಿದ್ರೆ ಬಾರದೆ ಯೋಚಿಸಿದಾಗ ನಮಗೆ ಹೊಳೆದದ್ದು ಬೇರೆ. ನಮ್ಮ ಸಂಕಟ ಹುಟ್ಟಿದ್ದು ಕಾಡಿನಲ್ಲಲ್ಲ. ಎರಡು ವಾರಗಳ ಹಿಂದೆ, ಹಗಲು ಬೆಳಕಿನಲ್ಲಿ, ನಮ್ಮ ಮನೆಯ ಅಂಗಳದಲ್ಲಿ, ಜಾಕಿ ಕೈಗೆಟುಕುವಂತಿದ್ದಾಗ ನಾವು "ತುಕ್ಕು" ಎಂದೆವಲ್ಲ, ಅಲ್ಲಿ ಹುಟ್ಟಿತು. ಕಾಡಿನಲ್ಲಿ ನಮ್ಮ ಮುಂದಿದ್ದುದು ಎರಡು ಕೆಟ್ಟ ದಾರಿಗಳು; ಅಂಗಳದಲ್ಲಿ ಒಳ್ಳೆಯ ದಾರಿಯೊಂದಿತ್ತು. ಮನುಷ್ಯನ ಬಾಳಿನ ಧರ್ಮಸಂಕಟಗಳಲ್ಲಿ ಎಷ್ಟೋ ಹೀಗೆಯೇ, ಸಕಾಲದಲ್ಲಿ ಕೇಳಿಸಿಕೊಳ್ಳದ ಸಣ್ಣ ಸದ್ದುಗಳು ಬೆಳೆದು ದೊಡ್ಡವಾದವುಗಳೆಂದು ನಮಗೆ ತೋರುತ್ತದೆ. ಆದುದರಿಂದ ಸರಿಯಾಗಿ ನಿರ್ಧರಿಸುವುದು ಎರಡನೆಯ ಧರ್ಮ. ಸರಿಯಾಗಿ ಕೇಳಿಸಿಕೊಳ್ಳುವುದು ಮೊದಲನೆಯದು.

"ಏನೂ ಆಗಲಿಲ್ಲವಲ್ಲ" ಎಂದು ಸಮಾಧಾನ ಹೇಳಿದವರುಂಟು. ಆದರೆ ಪಾರಾದದ್ದು ನಿರ್ದೋಷಕ್ಕೆ ಸಾಕ್ಷಿಯಲ್ಲ. ಚಕ್ರ ಸಿಲುಕಿಕೊಂಡಿದ್ದರೂ, ಸಿಲುಕದೆ ಉಳಿದರೂ ನಾವು ಮಾಡಿದ್ದು ಒಂದೇ ಕೆಲಸ. ಫಲ ನಮ್ಮ ಕೈಯಲ್ಲಿರಲಿಲ್ಲ; ಕೇಳಿಸಿಕೊಳ್ಳುವುದು ನಮ್ಮ ಕೈಯಲ್ಲಿತ್ತು.

ಮರುದಿನ ಬೆಳಗ್ಗೆ ಕಾಟಿಕುಳಂನಿಂದ ಮೆಕ್ಯಾನಿಕನೊಬ್ಬ ಬಂದ. ನಲವತ್ತು ದಾಟಿದ ಆತ ನಮ್ಮ ಹಳೆಯ ವಿದ್ಯಾರ್ಥಿ. ಗಡಿಯಾಚೆಯ ಶಾಲೆಯಲ್ಲಿ ನಾವು ಮೇಷ್ಟರಾಗಿದ್ದಾಗ ಮೂರು ವರ್ಷ ನಮ್ಮ ತರಗತಿಯಲ್ಲಿದ್ದವನು. ಮೊದಲು ಕಾರನ್ನು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದ. ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ವಾಲುತ್ತದೆ, ಆಗ ಬಲಚಕ್ರದ ಬೇರಿಂಗು ಕೆಟ್ಟಿದ್ದರೆ ಅದರ ನರಳಿಕೆ ಹೆಚ್ಚಾಗುತ್ತದೆ ಎಂದು ವಿವರಿಸಿದ. ಭಾರ ಹೊತ್ತಾಗಲೇ ನೋವು ಮಾತಾಡುವುದು. ಹಗುರವಾಗಿದ್ದಾಗ ಕೇಳಿದರೆ ಅದು ಸುಮ್ಮನಿದ್ದುಬಿಡುತ್ತದೆ.

ಬಳಿಕ ಅಂಗಳದಲ್ಲಿ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯಿಂದ ಮುಂಭಾಗವನ್ನೆತ್ತಿ ಭದ್ರಪಡಿಸಿ, ಚಕ್ರದ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿದ. ಅಲುಗಿತು. ಅನಂತರ ಒಂದು ಕೈಯಿಂದ ಚಕ್ರವನ್ನು ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳುಗಳನ್ನು ಮೇಲಿನ ಸುರುಳಿ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಟ್ಟು, ಕಣ್ಣು ಮುಚ್ಚಿ ಕುಳಿತ. ನಾಡಿ ನೋಡುವ ವೈದ್ಯನಂತೆ ಕಂಡ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನೆಂದೂ, ಸ್ಟೆತಸ್ಕೋಪು ಹುಟ್ಟಿದ್ದು ಹಾಗೆಂದೂ ಎಷ್ಟೋ ವರ್ಷ ಪಾಠ ಮಾಡಿದ್ದ ನಾವು, ಆಲಿಸುವುದೆಂದರೇನೆಂದು ಆಗ ಕಂಡೆವು.

"ಬೇರಿಂಗ್ ಹೋಗಿದೆ ಸಾರ್. ಒಳಗೆ ನೀರು ಹೊಕ್ಕಿದೆ. ಈ ಸ್ಪ್ರಿಂಗಿನಲ್ಲಿ ಗೊತ್ತಾಗುತ್ತೆ ನೋಡಿ," ಎಂದು ನಮ್ಮ ಕೈಯನ್ನೂ ಅಲ್ಲಿಡಿಸಿದ. ಮರಳಿನ ಮೇಲೆ ಏನೋ ಉರುಳಿದಂತೆ ಬೆರಳಿಗೆ ನಡುಕ ತಾಗಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಂತಹ ಚಕ್ರ ಸೆಕೆಂಡಿಗೆ ಸುಮಾರು ಆರು ಸಲ ಸುತ್ತುತ್ತದೆ. ನಯವಾಗಿರಬೇಕಾದ ಉಕ್ಕಿನ ಗುಂಡುಗಳೂ ಅವು ಉರುಳುವ ದಾರಿಯೂ ಒಮ್ಮೆ ಚಕ್ಕೆಯೆದ್ದರೆ, ಪ್ರತಿ ಸುತ್ತಿಗೂ ಗಾಯ ದೊಡ್ಡದಾಗುತ್ತದೆ. ನಾವು ಮೆಚ್ಚಿ, "ಇದನ್ನು ಕಿವಿಯಿಂದಲ್ಲದೆ ಕೈಯಿಂದ ಕಂಡುಹಿಡಿಯಲು ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಿದೆವು.

ಆತ ಸಹಜವಾಗಿ, "ನನಗೆ ಎಡಗಿವಿ ಚಿಕ್ಕಂದಿನಿಂದಲೂ ಕೇಳಿಸಲ್ಲವಲ್ಲ ಸಾರ್, ಬಲಗಿವಿಯೂ ಅಷ್ಟಕ್ಕಷ್ಟೇ. ಅದಕ್ಕೇ ಕೈಯಲ್ಲಿ ಕೇಳೋದು ರೂಢಿ," ಎಂದ. ನಮಗೆ ಅದು ಗೊತ್ತಿದೆಯೆಂದೇ ಆತ ತಿಳಿದಿದ್ದ.

ನಮಗೆ ಗೊತ್ತಿರಲಿಲ್ಲ. ಮೂರು ವರ್ಷ ಆ ಹುಡುಗ ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಕರೆದರೆ ತಡವಾಗಿ ಏಳುತ್ತಿದ್ದ. ಕೇಳಿದ್ದೊಂದಾದರೆ ಹೇಳುತ್ತಿದ್ದುದು ಇನ್ನೊಂದು. ಅವನ ಪ್ರಗತಿಪತ್ರದಲ್ಲಿ "ಪಾಠದ ಕಡೆ ಗಮನವಿಲ್ಲ" ಎಂದು ನಾವೇ ಬರೆದಿದ್ದೆವು. ಹಲವು ಸಲ ಕಿವಿ ಹಿಂಡಿದ್ದೂ ಉಂಟು. ಯಾವ ಕಿವಿಯೆಂದು ಈಗ ನೆನಪಿಲ್ಲ. ಆಗಲೂ ನಮ್ಮ ಬಳಿ ಉತ್ತರಗಳು ಸಿದ್ಧವಾಗಿದ್ದುವು: ಕಾಡಂಚಿನಿಂದ ಬರುವ ಮಕ್ಕಳು, ಮನೆಮಾತು ಬೇರೆ, ತೋಟದ ಕೆಲಸಕ್ಕೆ ಹೋಗುವ ತಾಯ್ತಂದೆಯರಿಗೆ ಮನೆಯಲ್ಲಿ ಓದಿಸಲು ಬಿಡುವಿಲ್ಲ. ಇವೂ ಸಾಮಾನ್ಯವಾಗಿ ನಿಜವಾದ ಮಾತುಗಳೇ. ಆದರೆ ಈ ಹುಡುಗನಿಗೆ ನಿಜವೇ ಎಂದು ನಾವು ನೋಡಲಿಲ್ಲ. ನೋಡುವುದು ಕಷ್ಟವಿರಲಿಲ್ಲ. ಒಂದು ವಾರ ಅವನನ್ನು ಮುಂದಿನ ಬೆಂಚಿನಲ್ಲಿ, ಅವನ ಬಲಗಿವಿ ನಮ್ಮತ್ತ ಇರುವಂತೆ ಕೂರಿಸಿದ್ದರೆ ಸಾಕಾಗಿತ್ತು. ಮಗು ಹಿಂದುಳಿದರೆ ಮೊದಲು ಕಣ್ಣು ಕಿವಿಗಳನ್ನು ಪರೀಕ್ಷಿಸಬೇಕೆಂದು ಬಿ.ಎಡ್. ತರಗತಿಯಲ್ಲಿ ಓದಿ, ಅದನ್ನೇ ಉತ್ತರಪತ್ರಿಕೆಯಲ್ಲಿ ಬರೆದು ತೇರ್ಗಡೆಯಾದವರು ನಾವು.

ಹಾಗಾದರೆ ಪ್ರತಿ ಸದ್ದಿಗೂ ಬೆಚ್ಚಿಬೀಳಬೇಕೇ, ಸಂಶಯವೇ ಬಾಳಾದರೆ ಬದುಕುವುದೆಂತು ಎಂದು ಕೆಲವರು ಕೇಳಬಹುದು. ಸಕಾರಣವಾದ ಪ್ರಶ್ನೆ. ಪ್ರತಿ ಸದ್ದಿಗೂ ಒಂದೊಂದು ಬಿಡಿಭಾಗವನ್ನು ಬದಲಿಸುತ್ತಾ ಹೋಗುವವನು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾನೆ. ಇದಕ್ಕೆ ಉತ್ತರ ನಮ್ಮ ಕಾಡಿನಲ್ಲೇ ಇದೆ. ಮೇಯುವ ಜಿಂಕೆ ಎಲೆಯೊಂದು ಅಲುಗಿದ ಮಾತ್ರಕ್ಕೆ ಓಡುವುದಿಲ್ಲ, ಅಲಕ್ಷಿಸುವುದೂ ಇಲ್ಲ. ತಲೆಯೆತ್ತುತ್ತದೆ, ಕಿವಿಯನ್ನು ಆ ಕಡೆಗೆ ತಿರುಗಿಸುತ್ತದೆ, ನೋಡುತ್ತದೆ. ಏನಿಲ್ಲವೆಂದು ತಿಳಿದರೆ ಮತ್ತೆ ಮೇಯುತ್ತದೆ. ಮರದ ಮೇಲಿನ ಮುಸುವ ಎಚ್ಚರಿಕೆಯ ಕೂಗು ಹಾಕಿದರೆ ಅದನ್ನೂ ಕೇಳಿಸಿಕೊಳ್ಳುತ್ತದೆ. ತನಗೆ ಕಾಣದ್ದು ಮೇಲಿದ್ದವನಿಗೆ ಕಂಡಿರಬಹುದೆಂಬ ವಿವೇಕ ಅದಕ್ಕಿದೆ. ತಲೆಯೆತ್ತುವುದಕ್ಕೆ ತಗಲುವ ವೆಚ್ಚ ಒಂದು ಕ್ಷಣ ಮಾತ್ರ.

ನಮ್ಮಂತೆ ಎಪ್ಪತ್ತು ದಾಟಿದವರಿಗೆ ಈ ವಿವೇಕ ಇನ್ನೂ ಹೆಚ್ಚು ಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರದ ಕೀರಲು ದನಿಗಳನ್ನು. ಬ್ರೇಕಿನ ಕಿರುಚಾಟವೂ ಮಕ್ಕಳ ಪಿಸುಮಾತೂ ಅಂತಹವೇ. ಜೊತೆಗೆ ದಿನವೂ ಕೇಳುವ ಸದ್ದು ಕ್ರಮೇಣ ಕೇಳಿಸದಾಗುತ್ತದೆ. ಹೀಗಿರುವಾಗ "ನನಗೇನೂ ಕೇಳಿಸುತ್ತಿಲ್ಲ" ಎಂಬ ಮಾತನ್ನು ಅಧಿಕಾರದಿಂದ ಹೇಳುವ ಹಿರಿಯನು ತನ್ನ ಕಿವುಡನ್ನೇ ಪ್ರಮಾಣವೆಂದು ಮುಂದಿಡುತ್ತಾನೆ. ಪಕ್ಕದಲ್ಲಿ ಕುಳಿತವರ ಕಿವಿಯನ್ನು ಸಾಲ ಪಡೆಯುವುದರಲ್ಲಿ ಅವಮಾನವಿಲ್ಲ. ಮೂರು ಸಲ ಹೇಳಿ ನಾಲ್ಕನೆಯ ಸಲ ಸುಮ್ಮನಾದವರು ನಮ್ಮ ನಿಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಆ ಮೌನವನ್ನು ಸಮಾಧಾನವೆಂದು ತಿಳಿಯದಿರೋಣ.

ಆ ದಿನ ಸಂಜೆಯೊಳಗೆ ಹೊಸ ಬೇರಿಂಗ್ ಕೂಡಿತು. ಹಣವನ್ನು ಕೊಡುವಾಗ ನಾವು ಆ ಹಳೆಯ ವಿದ್ಯಾರ್ಥಿಯೊಡನೆ, "ಶಾಲೆಯಲ್ಲಿ ನಿನ್ನ ವಿಷಯದಲ್ಲಿ ನಮ್ಮಿಂದ ತಪ್ಪಾಯಿತಪ್ಪಾ. ನಿನಗೆ ಕೇಳಿಸುವುದಿಲ್ಲವೆಂದು ನಮಗೆ ತಿಳಿದಿರಲಿಲ್ಲ," ಎಂದೆವು. ಆತ ಕೆಲಹೊತ್ತು ನಮ್ಮ ತುಟಿಯನ್ನೇ ನೋಡುತ್ತಿದ್ದ. ತರಗತಿಯಲ್ಲೂ ಹಾಗೆಯೇ ನೋಡುತ್ತಿದ್ದ. ಅದನ್ನು ನಾವು ಉದ್ಧಟತನವೆಂದು ಭಾವಿಸಿದ್ದೆವು.

"ಬಿಡಿ ಸಾರ್, ಹಳೇ ಮಾತು," ಎಂದು ಆತ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡ. ಹೊರಟವನು ಗೇಟಿನ ಬಳಿ ನಿಂತು ತಿರುಗಿ, "ನಟ್ಟು ಬಿಗಿ ಮಾಡಿದ್ದೀನಿ. ಆದರೂ ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ನೋಡಿಸಿ ಸಾರ್. ಒಂದೇ ಸಲಕ್ಕೆ ಸರಿಯಾಯ್ತು ಅಂತ ಬಿಡಬಾರದು," ಎಂದ.

ನಾವು ನೋಡಿಸಿದೆವು.